ಹತ್ತು ಜನ ಸೇರುವ ಮನೆಗೆ ಯಾವ ಬೌರ್ಬನ್ ಒಯ್ಯಬೇಕು?

ನವೆಂಬರ್ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದರ ಹಿಂದೊಂದು ಕರೆ. ಆಫೀಸಿನವರ ಮನೆಯಲ್ಲಿ ಥ್ಯಾಂಕ್ಸ್‌ಗಿವಿಂಗ್ ಊಟ, ಕನ್ನಡ ಕೂಟದ ಗೆಳೆಯರ ಪಾಟ್‌ಲಕ್ (ಎಲ್ಲರೂ ಒಂದೊಂದು ಅಡುಗೆ ಮಾಡಿ ತರುವ ಊಟ), ಆಮೇಲೆ ಕ್ರಿಸ್‌ಮಸ್, ಹೊಸ ವರ್ಷ. "ನೀವು ಅಡುಗೆ ಏನೂ ತರಬೇಡಿ, ಒಂದು ಬೌರ್ಬನ್ ಹಿಡ್ಕೊಂಡು ಬನ್ನಿ ಸಾಕು" ಎಂದು ಯಾರೋ ಹೇಳುತ್ತಾರೆ. ಸುಲಭದ ಮಾತು ಅನ್ನಿಸುತ್ತದೆ. ಅಂಗಡಿಗೆ ಹೋದರೆ ಗೋಡೆಯುದ್ದಕ್ಕೂ ಬಾಟಲಿಗಳು. ಹದಿನೈದು ಡಾಲರಿನದೂ ಇದೆ, ನೂರೈವತ್ತು ಡಾಲರಿನದೂ ಇದೆ. ಯಾವುದನ್ನು ತೆಗೆದುಕೊಳ್ಳುವುದು?

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೂಟಕ್ಕೆ ಒಯ್ಯುವ ಬಾಟಲಿಯನ್ನು ಅಲ್ಲಿ ಮೊದಲ ಸಲ ಬೌರ್ಬನ್ ಕುಡಿಯುವವರನ್ನು ನೆನೆದು ಕೊಳ್ಳಬೇಕು. ಅವರಿಗೆ ಹಿಡಿಸಿದ್ದು ಹಳೆ ಕೈಗಳಿಗೂ ಸಾಮಾನ್ಯವಾಗಿ ಹಿಡಿಸುತ್ತದೆ. ಗಂಟಲು ಉರಿಸದ, 90 ಪ್ರೂಫ್ ಆಸುಪಾಸಿನ, 30ರಿಂದ 40 ಡಾಲರ್ ಒಳಗಿನ, ಎಲ್ಲ ಅಂಗಡಿಯಲ್ಲೂ ಸಿಗುವ ಬಾಟಲಿ ಸಾಕು. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಬೌರ್ಬನ್ ಎಂದರೆ ಅಮೆರಿಕದ ವಿಸ್ಕಿ. ಸ್ಕಾಚ್ ಮಾಲ್ಟ್ ವಿಸ್ಕಿಗೆ ಬಾರ್ಲಿ ಆಧಾರವಾದರೆ, ಇದಕ್ಕೆ ಮುಸುಕಿನ ಜೋಳ. ಅಮೆರಿಕದ ಕಾನೂನಿನ ಪ್ರಕಾರ ಧಾನ್ಯದಲ್ಲಿ ಕನಿಷ್ಠ ಶೇ 51ರಷ್ಟು ಮುಸುಕಿನ ಜೋಳ ಇರಲೇಬೇಕು. ಭಟ್ಟಿ ಇಳಿಸಿದ ಮದ್ಯವನ್ನು ಒಳಮೈ ಸುಟ್ಟು ಕರಕಲು ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಬಣ್ಣ, ಪರಿಮಳ ಯಾವುದನ್ನೂ ಹೊರಗಿನಿಂದ ಸೇರಿಸುವಂತಿಲ್ಲ. ಗ್ಲಾಸಿನಲ್ಲಿ ಕಾಣುವ ಆ ಕೆಂಗಂದು ಬಣ್ಣವೆಲ್ಲ ಮರದಿಂದ ಬಂದದ್ದು. ಮರವನ್ನು ಸುಡುವಾಗ ಅದರೊಳಗಿನ ಸಕ್ಕರೆ ಅಂಶ ಕರಗಿ ಕಂದುತ್ತದೆ. ವೆನಿಲ್ಲಾ, ಕಾಯಿಸಿದ ಸಕ್ಕರೆ ಪಾಕದಂಥ ಪರಿಮಳ ಬರುವುದು ಅಲ್ಲಿಂದ. ಕೆಂಟಕಿ ರಾಜ್ಯದಲ್ಲೇ ಮಾಡಬೇಕೆಂಬ ನಿಯಮವಿಲ್ಲ, ಅಮೆರಿಕದಲ್ಲಿ ಎಲ್ಲಿ ಮಾಡಿದರೂ ಸರಿ. ಆದರೆ ಬಹುಪಾಲು ಬೌರ್ಬನ್ ಬರುವುದು ಕೆಂಟಕಿಯಿಂದಲೇ.

ಹೊಸ ಪೀಪಾಯಿಯನ್ನೇ ಬಳಸಬೇಕೆಂಬ ನಿಯಮಕ್ಕೆ ಇನ್ನೊಂದು ಮಗ್ಗುಲೂ ಇದೆ. ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬೌರ್ಬನ್ ಇಡುವಂತಿಲ್ಲವಾದ್ದರಿಂದ ಖಾಲಿ ಪೀಪಾಯಿಗಳು ಜಗತ್ತಿನೆಲ್ಲೆಡೆ ಮಾರಾಟವಾಗುತ್ತವೆ. ಸ್ಕಾಟ್ಲೆಂಡಿಗೆ ಹೋಗುತ್ತವೆ, ನಮ್ಮ ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. ಅಮೃತ್ ಸಿಂಗಲ್ ಮಾಲ್ಟ್ ಕುಡಿದು ಅದರ ವೆನಿಲ್ಲಾ ಪರಿಮಳ ಮೆಚ್ಚಿದವರಿದ್ದರೆ ಬೌರ್ಬನ್ ಅವರಿಗೆ ತೀರಾ ಹೊಸದೇನೂ ಅಲ್ಲ.

ಈಗ ಬಾಟಲಿ ಕೈಗೆತ್ತಿಕೊಂಡು ಲೇಬಲ್ ಓದಿ. ಚಿತ್ರ, ಚಿನ್ನದ ಅಕ್ಷರ ಎಲ್ಲ ಪಕ್ಕಕ್ಕಿರಲಿ. ಮೊದಲು ಹುಡುಕಬೇಕಾದ್ದು "ಸ್ಟ್ರೇಟ್" ಎಂಬ ಪದ. ಇದಿದ್ದರೆ ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿ ಕೂತ ವಿಸ್ಕಿ ಎಂದರ್ಥ. ನಾಲ್ಕು ವರ್ಷಕ್ಕಿಂತ ಎಳೆಯದಾದರೆ ವಯಸ್ಸನ್ನು ಲೇಬಲ್ ಮೇಲೆ ಬರೆಯಲೇಬೇಕು. ಹಾಗಾಗಿ "ಸ್ಟ್ರೇಟ್" ಎಂದಿದ್ದು ವಯಸ್ಸು ಬರೆದಿಲ್ಲ ಅಂದರೆ ನಾಲ್ಕು ವರ್ಷವಾದರೂ ಆಗಿದೆ ಎಂದು ಧೈರ್ಯವಾಗಿ ಕೊಳ್ಳಬಹುದು. ಇನ್ನೊಂದು ನಂಬಿಕೆಯ ಗುರುತು "ಬಾಟಲ್ಡ್ ಇನ್ ಬಾಂಡ್". ಕಲಬೆರಕೆ ವಿಸ್ಕಿಯ ಹಾವಳಿ ತಡೆಯಲು 1897ರಲ್ಲಿ ತಂದ ಕಾನೂನು ಇದು. ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಹಂಗಾಮಿನಲ್ಲಿ ತಯಾರಾಗಿ, ಕನಿಷ್ಠ ನಾಲ್ಕು ವರ್ಷ ಸರ್ಕಾರದ ನಿಗಾ ಇರುವ ಗೋದಾಮಿನಲ್ಲಿದ್ದು, ಸರಿಯಾಗಿ 100 ಪ್ರೂಫ್‌ಗೆ ಬಾಟಲಿಗಿಳಿದದ್ದು ಎಂದರ್ಥ. "ಸ್ಮಾಲ್ ಬ್ಯಾಚ್" ಎಂಬ ಮಾತಿಗೆ ಮಾತ್ರ ಕಾನೂನಿನಲ್ಲಿ ಯಾವ ಅಳತೆಯೂ ಇಲ್ಲ. ಆ ಎರಡು ಪದ ನೋಡಿ ಹೆಚ್ಚು ದುಡ್ಡು ಕೊಡಬೇಡಿ.

ಪ್ರೂಫ್ ಎಂದರೆ ಮದ್ಯಸಾರದ ಅಳತೆ. ಅಮೆರಿಕದಲ್ಲಿ ಲೆಕ್ಕ ಸುಲಭ: ಪ್ರೂಫ್ ಸಂಖ್ಯೆಯ ಅರ್ಧ ಎಷ್ಟೋ ಅಷ್ಟು ಶೇಕಡಾ ಮದ್ಯಸಾರ. 80 ಪ್ರೂಫ್ ಅಂದರೆ ಶೇ 40. ಬೌರ್ಬನ್ ಇದಕ್ಕಿಂತ ಕಡಿಮೆ ಇರುವಂತಿಲ್ಲ. 80ರದ್ದು ಹಗುರ, ಆದರೆ ಐಸ್ ಕರಗಿದ ಮೇಲೆ ರುಚಿ ಸಪ್ಪೆಯಾಗುತ್ತದೆ. 100 ದಾಟಿದರೆ ಅಭ್ಯಾಸವಿಲ್ಲದವರಿಗೆ ಮೊದಲ ಗುಟುಕೇ ಎದೆಯವರೆಗೆ ಉರಿ. ನಮ್ಮವರ ಕೂಟಗಳಲ್ಲಿ ಇದಕ್ಕೊಂದು ಹೆಚ್ಚಿನ ಕಾರಣವೂ ಇದೆ. ಮೇಜಿನ ಮೇಲೆ ಚಿಕನ್ ಕಬಾಬ್, ಖಾರದ ಕಡಲೆಬೀಜ, ಕೋಡುಬಳೆ ಇರುತ್ತವೆ. ಮೆಣಸಿನಕಾಯಿಯ ಖಾರವೂ ಮದ್ಯದ ಉರಿಯೂ ಬಾಯಲ್ಲಿ ಒಂದನ್ನೊಂದು ಹೆಚ್ಚಿಸುತ್ತವೆ. 90ರ ಆಸುಪಾಸಿನದಾದರೆ ಸಿಹಿಯೂ ಉಳಿಯುತ್ತದೆ, ನೆಂಚಿಕೊಳ್ಳುವ ತಿಂಡಿಯ ರುಚಿಯೂ ಕೆಡುವುದಿಲ್ಲ.

ಇನ್ನು ಧಾನ್ಯ. ಆಯ್ಕೆಯ ಗುಟ್ಟು ಬಹುತೇಕ ಇಲ್ಲೇ ಇರುವುದು. ಮುಸುಕಿನ ಜೋಳದ ಜೊತೆಗೆ ಮೊಳಕೆ ಕಟ್ಟಿದ ಬಾರ್ಲಿ ಸ್ವಲ್ಪ ಇರುತ್ತದೆ. ಮೂರನೆಯ ಧಾನ್ಯ ಯಾವುದು ಎಂಬುದರ ಮೇಲೆ ರುಚಿ ತಿರುಗುತ್ತದೆ. ಹೆಚ್ಚಿನವರು ಹಾಕುವುದು ರೈ. ಇದು ಚಳಿ ದೇಶಗಳಲ್ಲಿ ಬೆಳೆಯುವ, ಗೋಧಿಯ ಹತ್ತಿರದ ಧಾನ್ಯ, ಹಿಂದಿಯವರು ಹೇಳುವ ಸಾಸಿವೆಯಲ್ಲ. ರೈ ಹೆಚ್ಚಿದ್ದಷ್ಟೂ ಕಾಳುಮೆಣಸು, ಚಕ್ಕೆ-ಲವಂಗದಂಥ ಘಾಟು. ಕೆಲವರು ರೈ ಬದಲು ಗೋಧಿ ಹಾಕುತ್ತಾರೆ. ಅದನ್ನು "ವೀಟೆಡ್" ಬೌರ್ಬನ್ ಅನ್ನುತ್ತಾರೆ. ಅದು ಮೆತ್ತಗೆ, ಸಿಹಿಯಾಗಿ ಇಳಿಯುತ್ತದೆ.

ಎಲ್ಲ ಥರದ ಜನ ಸೇರುವ ಕಡೆಗೆ ನಾನು ಮೊದಲು ಹೇಳುವ ಹೆಸರು ಮೇಕರ್ಸ್ ಮಾರ್ಕ್. ಇದು ಗೋಧಿಯ ಬೌರ್ಬನ್, 90 ಪ್ರೂಫ್, ಬೆಲೆ ಸುಮಾರು 30 ಡಾಲರ್. ಮುಸುಕಿನ ಜೋಳ ಶೇ 70, ಗೋಧಿ ಶೇ 16, ಉಳಿದ ಶೇ 14 ಬಾರ್ಲಿ. ಕೆಂಟಕಿಯ ಲೊರೆಟ್ಟೊ ಎಂಬ ಪುಟ್ಟ ಊರಿನಲ್ಲಿ ತಯಾರಾಗುತ್ತದೆ. ಕತ್ತಿನ ಮೇಲೆ ಕೆಂಪು ಮೇಣ ಸುರಿದಿರುವ ಬಾಟಲಿ, ದೂರದಿಂದಲೇ ಗುರುತು ಸಿಗುತ್ತದೆ. 1958ರಲ್ಲಿ ಮೊದಲ ಬಾಟಲಿ ಹೊರಬಂದಾಗಲೇ ಈ ಮೇಣ ಇತ್ತು, ಮಾಲೀಕರ ಹೆಂಡತಿ ಮಾರ್ಜಿ ಸ್ಯಾಮ್ಯುಯೆಲ್ಸ್ ಯೋಚಿಸಿ ಮಾಡಿದ್ದು. ಇವತ್ತಿಗೂ ಒಂದೊಂದು ಬಾಟಲಿಯನ್ನೂ ಕೈಯಲ್ಲಿ ಹಿಡಿದು ಬಿಸಿ ಮೇಣದಲ್ಲಿ ಅದ್ದುವುದರಿಂದ ಇಳಿದ ಮೇಣದ ಗೆರೆ ಒಂದರಂತೆ ಇನ್ನೊಂದಿರುವುದಿಲ್ಲ. ಇದನ್ನು ತೆರೆಯಲು ಚಾಕು ಹುಡುಕಬೇಡಿ. ಕತ್ತಿನ ಬದಿಯಲ್ಲಿ ಮೇಣದಿಂದ ಒಂದು ಚಿಕ್ಕ ಪಟ್ಟಿಯ ತುದಿ ಹೊರಚಾಚಿರುತ್ತದೆ. ಅದನ್ನು ಹಿಡಿದು ಸುತ್ತಲೂ ಎಳೆಯಿರಿ. ಮೇಣ ಉಂಗುರದಂತೆ ಸೀಳಿ ಬರುತ್ತದೆ, ಆಮೇಲೆ ಮುಚ್ಚಳ ತಿರುಗಿಸಿದರಾಯಿತು.

ಸ್ವಲ್ಪ ಹೆಚ್ಚು ರುಚಿ-ಪರಿಮಳ ಬೇಕೆನ್ನುವವರು ಇದ್ದರೆ ಫೋರ್ ರೋಸಸ್ ಸ್ಮಾಲ್ ಬ್ಯಾಚ್ ಒಯ್ಯಿರಿ. ಅದೂ 90 ಪ್ರೂಫ್, 35 ಡಾಲರ್ ಹತ್ತಿರ. ರೈ ಹೆಚ್ಚಿದ್ದರೂ ಘಾಟು ಮೈಮೇಲೆ ಬರುವುದಿಲ್ಲ, ಹಣ್ಣಿನ ಪರಿಮಳವಿದೆ. ಸ್ಕಾಚ್ ಕುಡಿದು ರೂಢಿಯಾದ ಹಿರಿಯರಿಗೆ ವುಡ್‌ಫೋರ್ಡ್ ರಿಸರ್ವ್ ಒಪ್ಪುತ್ತದೆ, ಬೆಲೆ 35-40 ಡಾಲರ್. ಬಾಟಲಿಯೂ ಚಪ್ಪಟೆಯಾಗಿ ಅಂದವಾಗಿದೆ, ಉಡುಗೊರೆಯಾಗಿ ಕೊಡಲು ಚೆನ್ನ. ಬಫಲೋ ಟ್ರೇಸ್ ಕೂಡ ಒಳ್ಳೆಯದು. 30 ಡಾಲರ್ ಒಳಗೆ ಸಿಕ್ಕರೆ ಬಿಡಬೇಡಿ. ಬೇಡಿಕೆ ಹೆಚ್ಚಾದ ಕಡೆ ಅದನ್ನೇ ದುಪ್ಪಟ್ಟು ಬೆಲೆಗೆ ಮಾರುತ್ತಾರೆ, ಅಷ್ಟು ಕೊಡುವ ಅಗತ್ಯವಿಲ್ಲ. ಕೋಕ್ ಅಥವಾ ಜಿಂಜರ್ ಏಲ್ ಬೆರೆಸಿ ಕುಡಿಯುವವರೇ ಹೆಚ್ಚಿದ್ದರೆ ಇವಾನ್ ವಿಲಿಯಮ್ಸ್ ಕಪ್ಪು ಲೇಬಲ್ ಸಾಕು, 86 ಪ್ರೂಫ್, 20 ಡಾಲರ್ ಒಳಗೇ ಬರುತ್ತದೆ. ಓಲ್ಡ್ ಫ್ಯಾಷನ್ಡ್ ಕಾಕ್‌ಟೇಲ್ (ಸಕ್ಕರೆ, ಬಿಟರ್ಸ್ ಎಂಬ ಕಹಿ ಹನಿ, ಕಿತ್ತಳೆ ಸಿಪ್ಪೆ ಹಾಕಿ ಮಾಡುವ ಪಾನೀಯ) ಮಾಡುವ ಯೋಚನೆಯಿದ್ದರೆ ಮಾತ್ರ ವೈಲ್ಡ್ ಟರ್ಕಿ 101. ಐಸ್, ಸಕ್ಕರೆ ಸೇರಿದರೂ ಅದರ ರುಚಿ ಮಂಕಾಗುವುದಿಲ್ಲ. ಇವೆಲ್ಲ 750 ಮಿಲಿ ಬಾಟಲಿಯ ಅಂದಾಜು ಬೆಲೆ. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿರುತ್ತದೆ, ತೆರಿಗೆ ಬೇರೆ.

"ಜ್ಯಾಕ್ ಡೇನಿಯಲ್ಸ್ ಒಯ್ದರೆ ಆಗದೇ?" ಎಂದು ಕೇಳುವವರಿದ್ದಾರೆ. ಆಗಬಹುದು, ಕುಡಿಯಲು ಚೆನ್ನಾಗಿಯೇ ಇರುತ್ತದೆ. ಆದರೆ ಅದು ಟೆನ್ನೆಸ್ಸಿ ರಾಜ್ಯದ ವಿಸ್ಕಿ. ಪೀಪಾಯಿಗೆ ಹಾಕುವ ಮುಂಚೆ ಮೇಪಲ್ ಮರದ ಇದ್ದಿಲಿನ ಮೂಲಕ ಸೋಸುತ್ತಾರೆ, ತನ್ನನ್ನು ಟೆನ್ನೆಸ್ಸಿ ವಿಸ್ಕಿ ಎಂದೇ ಕರೆದುಕೊಳ್ಳುತ್ತದೆ. ಬೌರ್ಬನ್ ತನ್ನಿ ಎಂದು ಹೇಳಿದವರ ಮನೆಗೆ ಬೌರ್ಬನ್ನನ್ನೇ ಒಯ್ಯುವುದು ಲೇಸು. ಜೇನು, ಸೇಬಿನ ಸ್ವಾದ ಬೆರೆಸಿದ ಬಾಟಲಿಗಳೂ ಅದೇ ಸಾಲಿನಲ್ಲಿ ಇಟ್ಟಿರುತ್ತಾರೆ, ನೋಡಿಕೊಂಡು ತೆಗೆದುಕೊಳ್ಳಿ.

ವಯಸ್ಸಾದಷ್ಟೂ ಒಳ್ಳೆಯದಲ್ಲವೇ ಎಂಬ ಅನುಮಾನ ಸ್ಕಾಚ್ ಬಲ್ಲವರಿಗೆ ಸಹಜ. ಬೌರ್ಬನ್‌ಗೆ ಆ ಲೆಕ್ಕ ಪೂರ್ತಿ ಹೊಂದುವುದಿಲ್ಲ. ಪೀಪಾಯಿ ಹೊಸದು, ಕೆಂಟಕಿಯ ಬೇಸಿಗೆ ಬಿಸಿ. ಮರದ ಸಾರ ಬೇಗ ಇಳಿಯುತ್ತದೆ. ತುಂಬ ವರ್ಷ ಬಿಟ್ಟರೆ ಒಗರು ಬಂದು ಮರವನ್ನೇ ಅಗಿದಂತಾಗಬಹುದು. ಆರರಿಂದ ಹತ್ತು ವರ್ಷದೊಳಗೆ ಚೆನ್ನಾಗಿ ಹದಕ್ಕೆ ಬಂದ ಬೌರ್ಬನ್‌ಗಳು ಬೇಕಾದಷ್ಟಿವೆ. ಪ್ಯಾಪಿ ವ್ಯಾನ್ ವಿಂಕಲ್, ಬ್ಲ್ಯಾಂಟನ್ಸ್ ಥರದ ಅಪರೂಪದ ಬಾಟಲಿಗೆ ನೂರಾರು ಡಾಲರ್ ಸುರಿದು ಕೂಟಕ್ಕೆ ಒಯ್ದರೆ, ಅದಕ್ಕೆ ಕೋಕ್ ಬೆರೆಸುವವರನ್ನು ಕಂಡು ನಿಮಗೂ ಸಂಕಟ, ಬೆಲೆ ಗೊತ್ತಾದರೆ ಅವರಿಗೂ ಮುಜುಗರ. ಅಂಥದ್ದು ಇಬ್ಬರು-ಮೂವರು ಆಪ್ತರು ಕೂತಾಗ ಇರಲಿ.

ಎಷ್ಟು ಬೇಕು? ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದರೆ ಒಂದೂವರೆ ಔನ್ಸ್, ಸುಮಾರು 44 ಮಿಲಿ. 750 ಮಿಲಿ ಬಾಟಲಿಯಲ್ಲಿ ಅಂಥವು ಸುಮಾರು ಹದಿನೇಳು. ನಮ್ಮವರು ಅಳೆಯುವುದು ಲಾರ್ಜ್ ಪೆಗ್‌ನಲ್ಲಿ, ಅಂದರೆ 60 ಮಿಲಿ. ಆಗ ಹನ್ನೆರಡೇ ಆಗುತ್ತದೆ. ಬೌರ್ಬನ್ ಕುಡಿಯುವವರು ಆರು ಮಂದಿ ಇದ್ದರೆ ಒಂದು ಬಾಟಲಿ ಸಾಕು. ಹತ್ತು-ಹನ್ನೆರಡು ಮಂದಿಗೆ ಎರಡು ಬಾಟಲಿ, ಇಲ್ಲವೇ "ಹ್ಯಾಂಡಲ್" ಎಂದು ಕರೆಯುವ 1.75 ಲೀಟರಿನ ದೊಡ್ಡದು. ಹ್ಯಾಂಡಲ್‌ನಲ್ಲಿ ಲೀಟರಿಗೆ ಬೀಳುವ ಬೆಲೆ ಕಡಿಮೆ. ಜೊತೆಗೆ ಸೋಡಾ, ಜಿಂಜರ್ ಏಲ್, ಒಂದು ಚೀಲ ಐಸ್ ನೀವೇ ಒಯ್ಯಿರಿ. ಜಿಂಜರ್ ಏಲ್‌ನಲ್ಲಿ ಮದ್ಯವಿಲ್ಲ, ಕುಡಿಯದವರ ಕೈಗೂ ಒಂದು ಗ್ಲಾಸ್ ಸಿಕ್ಕಂತಾಗುತ್ತದೆ. ಮೊದಲ ಸಲ ಕುಡಿಯುವವರಿಗೆ ಒಂದೆರಡು ಚಮಚ ನೀರು ಬೆರೆಸಿ ಕೊಡಿ. ಉರಿ ತಗ್ಗಿ ಪರಿಮಳ ಏಳುತ್ತದೆ.

ಎಲ್ಲಿ ಕೊಳ್ಳಬೇಕು ಎಂಬುದು ನೀವಿರುವ ರಾಜ್ಯದ ಮೇಲೆ ನಿಂತಿದೆ. ಕ್ಯಾಲಿಫೋರ್ನಿಯಾದಲ್ಲಿ ತರಕಾರಿ ಕೊಳ್ಳುವ ಸೂಪರ್ ಮಾರ್ಕೆಟ್‌ನಲ್ಲೇ ಸಿಗುತ್ತದೆ. ಪೆನ್ಸಿಲ್ವೇನಿಯಾ, ವರ್ಜೀನಿಯಾದಲ್ಲಿ ನಮ್ಮ ಎಂಎಸ್‌ಐಎಲ್ ಮಳಿಗೆಗಳ ಹಾಗೆ ಸರ್ಕಾರದ್ದೇ ಅಂಗಡಿಗಳು. ಟೆಕ್ಸಾಸ್‌ನಲ್ಲಿ ವಿಸ್ಕಿ ಮಾರುವ ಅಂಗಡಿಗಳು ಭಾನುವಾರ ಬಾಗಿಲು ತೆರೆಯುವುದಿಲ್ಲ, ಥ್ಯಾಂಕ್ಸ್‌ಗಿವಿಂಗ್ ದಿನವೂ ಇಲ್ಲ. ಡಲ್ಲಾಸ್, ಆಸ್ಟಿನ್‌ನಲ್ಲಿರುವವರು ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ವಯಸ್ಸು 21 ತುಂಬಿರಬೇಕು. ಊರಿಂದ ಬಂದ ಅಪ್ಪ-ಅಮ್ಮನ ಜೊತೆ ಹೋದರೆ ಅವರಿಗೂ ಗುರುತಿನ ಚೀಟಿ ಕೇಳಬಹುದು, ಪಾಸ್‌ಪೋರ್ಟ್ ಇಟ್ಟುಕೊಂಡಿರಿ.

ಕರೆದವರ ಮನೆಯ ರೀತಿಯನ್ನೂ ಮುಂಚೆ ಕೇಳಿಕೊಳ್ಳಿ. ಗಣೇಶನನ್ನು ಕೂರಿಸಿದ ಮನೆ, ಪೂಜೆ ಮುಗಿಸಿ ಊಟಕ್ಕೆ ಕರೆದ ಮನೆ, ಹಿರಿಯರು ಬಂದು ಇಳಿದಿರುವ ಮನೆ ಇರಬಹುದು. "ಅಕ್ಕಾ, ಡ್ರಿಂಕ್ಸ್ ಏನಾದ್ರೂ ಇಟ್ಕೊಂಡಿದ್ದೀರಾ, ನಾನು ತರ್ಲಾ?" ಎಂದು ಒಂದು ಮೆಸೇಜ್ ಹಾಕಿದರೆ ಇಬ್ಬರಿಗೂ ನಿರಾಳ. ಅಮೆರಿಕದವರ ಮನೆಯಾದರೆ ಇನ್ನೊಂದು ಸಂಗತಿ. ಬಾಟಲಿ ಕೊಟ್ಟರೆ ಅದು ತಮಗೆಂದೇ ತಂದ ಉಡುಗೊರೆ ಎಂದು ತಿಳಿದು ಒಳಗಿಡುವುದುಂಟು. ಎಲ್ಲರಿಗೂ ಹಂಚಲು ತಂದದ್ದಾದರೆ ಕೊಡುವಾಗಲೇ ಹೇಳಿಬಿಡಿ.

ಕುಡಿಯುವವರು ಕಾರಿನ ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟೇ ಗ್ಲಾಸ್ ಹಿಡಿಯಲಿ. ರಕ್ತದಲ್ಲಿ ಮದ್ಯಸಾರದ ಮಿತಿ ಹೆಚ್ಚಿನ ರಾಜ್ಯಗಳಲ್ಲಿ ಶೇ 0.08, ಯೂಟಾದಲ್ಲಿ 0.05. ವೀಸಾ ಮೇಲಿರುವವರಿಗೆ ಒಂದು ಕೇಸ್ ಆದರೂ ವೀಸಾಕ್ಕೇ ಕುತ್ತು ಬರಬಹುದು. ಉಳಿದ ಬಾಟಲಿಯನ್ನು ವಾಪಸ್ ತರುವುದಾದರೆ ಸೀಟಿನ ಪಕ್ಕ ಇಡಬೇಡಿ, ಡಿಕ್ಕಿಯಲ್ಲಿಡಿ. ಮುಚ್ಚಳ ತೆರೆದ ಬಾಟಲಿ ಕೈಗೆಟುಕುವಲ್ಲಿ ಇರುವುದು ಬಹುತೇಕ ರಾಜ್ಯಗಳಲ್ಲಿ ಅಪರಾಧ. ಮನೆಗೆ ತಂದ ಮೇಲೆ ಫ್ರಿಜ್ ಬೇಕಿಲ್ಲ. ಬಿಸಿಲು ತಾಗದ ಕಪಾಟಿನಲ್ಲಿ ನಿಲ್ಲಿಸಿಡಿ. ವೈನ್‌ನಂತೆ ಮಲಗಿಸಿದರೆ ಮದ್ಯ ತಾಗಿ ಬಿರಡೆಯ ಕಾರ್ಕ್ ಹಾಳಾಗುತ್ತದೆ. ನಿಲ್ಲಿಸಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ.

ಊರಿಗೆ ಹೋಗುವಾಗ ಒಯ್ಯಬಹುದೇ? ಒಯ್ಯಬಹುದು. ಒಬ್ಬ ಪ್ರಯಾಣಿಕರಿಗೆ ಎರಡು ಲೀಟರ್‌ವರೆಗೆ ಭಾರತದಲ್ಲಿ ಸುಂಕವಿಲ್ಲ. 750 ಮಿಲಿಯ ಎರಡು ಬಾಟಲಿ ಅದರೊಳಗೇ ಬಂತು. ಸೀಲ್ ಒಡೆಯದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಲಗೇಜಿನ ನಡುಮಧ್ಯ ಇಡಿ. ಬೆಂಗಳೂರಿನ ಅಂಗಡಿಗಳಲ್ಲೂ ಜಿಮ್ ಬೀಮ್, ಮೇಕರ್ಸ್ ಮಾರ್ಕ್ ಸಿಗುತ್ತವೆ. 2025ರ ಫೆಬ್ರುವರಿಯಲ್ಲಿ ಭಾರತ ಸರ್ಕಾರ ಬೌರ್ಬನ್ ಮೇಲಿನ ಆಮದು ಸುಂಕವನ್ನು ಶೇ 150ರಿಂದ 100ಕ್ಕೆ ಇಳಿಸಿತು. ಆದರೂ ರಾಜ್ಯದ ಅಬಕಾರಿ ಸುಂಕ ಸೇರಿ ಅಮೆರಿಕದ ಬೆಲೆಗಿಂತ ಹೆಚ್ಚೇ ಬೀಳುತ್ತದೆ. ಹಾಗಾಗಿ ಅಲ್ಲಿನ ಗೆಳೆಯರ ಕೂಟಕ್ಕಾದರೆ ಇಲ್ಲಿಂದಲೇ ಕೊಂಡೊಯ್ಯಿರಿ.