ತಳಿ ಹೋಲಿಕೆಯಲ್ಲಿ ಸಿ.ಡಿ. ಮೌಲ್ಯವನ್ನು ಅರ್ಥೈಸುವ ಬಗೆ

ತಳಿ ಪ್ರಯೋಗದ ಕೋಷ್ಟಕದಲ್ಲಿ ಎರಡು ರಾಗಿ ತಳಿಗಳ ಸರಾಸರಿ ಇಳುವರಿ ಹೆಕ್ಟೇರಿಗೆ 32 ಹಾಗೂ 34 ಕ್ವಿಂಟಾಲ್ ಇದೆ ಎಂದು ಭಾವಿಸಿರಿ. ಬೀಜ ಬದಲಿಸುವ ಮುನ್ನ ಸರಾಸರಿಗಳ ಕೆಳಗೆ ನೀಡಿರುವ ಸಿ.ಡಿ., ಅಂದರೆ ನಿರ್ಣಾಯಕ ವ್ಯತ್ಯಾಸದ ಮೌಲ್ಯವನ್ನು ಗಮನಿಸಿರಿ. ಶೇ. 5ರ ಮಟ್ಟದಲ್ಲಿ ಅದು 3 ಕ್ವಿಂಟಾಲ್ ಆಗಿದ್ದರೆ, ಇಲ್ಲಿನ 2 ಕ್ವಿಂಟಾಲ್ ಅಂತರವು ಗಮನಾರ್ಹವಲ್ಲ. ತಾಕುಗಳ ಮಣ್ಣು ಮತ್ತು ತೇವಾಂಶದ ಏರುಪೇರಿನಿಂದಲೂ ಇಷ್ಟು ಅಂತರ ಬರಬಹುದು. ಆದರೆ ಇದರಿಂದ ಎರಡೂ ತಳಿಗಳು ಸಮಾನವೆಂದು ಸಾಬೀತಾಗುವುದಿಲ್ಲ. ಹೆಚ್ಚು ಪುನರಾವರ್ತನೆಗಳಿರುವ ಪ್ರಯೋಗದಲ್ಲಿ ಸಣ್ಣ ವ್ಯತ್ಯಾಸವೂ ಸ್ಪಷ್ಟವಾಗಬಹುದು. ಅಂತರವು ಸಿ.ಡಿ.ಯನ್ನು ಮೀರಿದ್ದರೆ, ತಳಿಗಳು ವಾಸ್ತವದಲ್ಲಿ ಸಮಾನವಾಗಿದ್ದಲ್ಲಿ ಅಷ್ಟು ಅಂತರ ಆಕಸ್ಮಿಕವಾಗಿ ಬರುವ ಸಂಭವ ನೂರರಲ್ಲಿ ಐದಕ್ಕಿಂತ ಕಡಿಮೆ ಎಂದರ್ಥ. ಆಗಲೂ ಹೆಚ್ಚುವರಿ ಇಳುವರಿಯ ಬೆಲೆಯು ಬೀಜದ ಹೆಚ್ಚುವರಿ ವೆಚ್ಚವನ್ನು ಮೀರುವುದೇ ಎಂದು ಲೆಕ್ಕ ಹಾಕಿ ನಿರ್ಧರಿಸಿರಿ.