ಮಾರುವ ಮಾತಿನ ಮರ್ಯಾದೆ

ಜಾಹೀರಾತಿನ ಬರಹವೆಂದರೆ ಸಾಹಿತ್ಯಾಸಕ್ತರು ಮೂಗು ಮುರಿಯುವುದು ವಾಡಿಕೆ. ಅದು ಬಣ್ಣದ ಮಾತು, ಹಣಕ್ಕಾಗಿ ಹುಟ್ಟಿದ ಮಾತು ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೂ ಆ ಕಸುಬಿನ ಹಿರಿಯರಲ್ಲೊಬ್ಬರಾದ ಡೇವಿಡ್ ಓಗಿಲ್ವಿಯವರಿಂದ ಬರೆಯುವವರೆಲ್ಲರೂ ಕಲಿಯಬೇಕಾದದ್ದು ಉಂಟೆಂದು ನನ್ನ ನಂಬಿಕೆ.

ಓಗಿಲ್ವಿ ಹುಟ್ಟಿದ್ದು 1911ರಲ್ಲಿ, ಇಂಗ್ಲೆಂಡಿನಲ್ಲಿ. ಆಕ್ಸ್‌ಫರ್ಡಿನ ಓದನ್ನು ಅರ್ಧಕ್ಕೇ ಬಿಟ್ಟು ಪ್ಯಾರಿಸ್ಸಿನ ಹೋಟೆಲೊಂದರ ಅಡುಗೆಮನೆ ಸೇರಿದರು. ಅನಂತರ ಸ್ಕಾಟ್ಲೆಂಡಿನಲ್ಲಿ ಮನೆಮನೆಯ ಬಾಗಿಲು ತಟ್ಟಿ 'ಆಗಾ' ಒಲೆಗಳನ್ನು ಮಾರಿದರು. 1935ರಲ್ಲಿ ಆ ಒಲೆಯ ಮಾರಾಟಗಾರರಿಗಾಗಿ ಒಂದು ಕೈಪಿಡಿ ಬರೆದರು. ಕೇಳುವವರಿಗೆ ಬೇಸರ ಹುಟ್ಟಿಸುವುದಕ್ಕಿಂತ ದೊಡ್ಡ ದೋಷವಿಲ್ಲವೆಂಬುದು ಅದರಲ್ಲಿನ ಒಂದು ಎಚ್ಚರಿಕೆ. ಮುಂದೆ ಅಮೆರಿಕದಲ್ಲಿ ಜಾರ್ಜ್ ಗ್ಯಾಲಪ್ ಅವರ ಕೈಕೆಳಗೆ ಜನಾಭಿಪ್ರಾಯ ಸಂಗ್ರಹದ ಕೆಲಸ ಮಾಡಿದರು. 1948ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೇ ಜಾಹೀರಾತು ಸಂಸ್ಥೆಯನ್ನು ತೆರೆಯುವ ವೇಳೆಗೆ, ಗಿರಾಕಿ ಎಂಬುದು ಅವರಿಗೆ ಬರಿಯ ಹೆಸರಾಗಿರಲಿಲ್ಲ. ಬಾಗಿಲಲ್ಲಿ ನಿಂತು ಕಂಡ ಮುಖವಾಗಿತ್ತು.

1958ರಲ್ಲಿ ರೋಲ್ಸ್‌ರಾಯ್ಸ್ ಕಾರಿಗೆ ಅವರು ಬರೆದ ಜಾಹೀರಾತು ಹೆಸರಾಂತದ್ದು. ಅದಕ್ಕಾಗಿ ಅವರು ಮೊದಲು ಬರೆಯಲಿಲ್ಲ, ಓದಿದರು. ಮೂರು ವಾರಗಳ ಕಾಲ ಆ ಕಾರಿನ ವಿಚಾರವನ್ನೇ ಓದಿದರು. ಗಂಟೆಗೆ 60 ಮೈಲಿ ವೇಗದಲ್ಲಿ ಹೋಗುವಾಗಲೂ ಕಾರಿನೊಳಗೆ ಎದ್ದು ಕೇಳುವ ಸದ್ದೆಂದರೆ ಅದರ ಗಡಿಯಾರದ್ದು ಎಂಬ ಸಂಗತಿ ದೊರೆಯಿತು. ಅದೇ ತಲೆಬರಹವಾಯಿತು. ಅದು ಅವರ ಕಲ್ಪನೆಯಲ್ಲ, ಮೋಟಾರು ಪತ್ರಿಕೆಯೊಂದರ ತಾಂತ್ರಿಕ ಸಂಪಾದಕರ ಅನುಭವ. ಹುಡುಕಿದ ಶ್ರಮ, ಕಂಡೊಡನೆ ಗುರುತಿಸಿದ ಜಾಣ್ಮೆ ಇವು ಓಗಿಲ್ವಿಯವರವು. 'ಅದ್ವಿತೀಯ', 'ಅನುಪಮ' ಎಂಬ ವಿಶೇಷಣಗಳನ್ನು ಎಷ್ಟು ಪೇರಿಸಿದರೂ ಆಗದ ಕೆಲಸವನ್ನು ಒಂದು ಗಡಿಯಾರದ ಸದ್ದು ಮಾಡಿತು.

1963ರಲ್ಲಿ ಪ್ರಕಟವಾದ, ಜಾಹೀರಾತುಗಾರನೊಬ್ಬನ ತಪ್ಪೊಪ್ಪಿಗೆಗಳೆಂದು ಅವರೇ ಹೆಸರಿಟ್ಟ ಪುಸ್ತಕದಲ್ಲಿ ಈ ಶ್ರದ್ಧೆಯ ಮೂಲ ಕಾಣುತ್ತದೆ. ಕೊಳ್ಳುವಾಕೆ ಮೂಢಳಲ್ಲ, ನಿಮ್ಮ ಮನೆಯಾಕೆಯೇ ಎಂದು ತಿಳಿದು ಬರೆಯಿರಿ. ನಿಮ್ಮ ಮನೆಯವರು ಓದಬಾರದೆನಿಸುವುದನ್ನು ಬರೆಯಲೇಬೇಡಿ ಎಂಬುದು ಅವರ ಉಪದೇಶದ ಸಾರ. ಓದುಗನನ್ನು ಕೀಳಾಗಿ ಕಾಣುವ ಲೇಖಕರು ಸಾಹಿತ್ಯದಲ್ಲಿಯೂ ಇಲ್ಲದಿಲ್ಲ.

ಆದರೆ ಈ ನೀತಿಗೂ ಒಂದು ಎಲ್ಲೆಯುಂಟು. 1951ರಲ್ಲಿ ಹ್ಯಾಥವೇ ಅಂಗಿಯ ಜಾಹೀರಾತಿಗೆ ಅವರು ನಿಲ್ಲಿಸಿದ ಗಂಭೀರ ಪುರುಷನ ಒಂದು ಕಣ್ಣಿಗೆ ಕಪ್ಪು ಪಟ್ಟಿಯಿತ್ತು. ಈತನ ಕಥೆಯೇನಿರಬಹುದೆಂದು ನೋಡಿದವರು ಬೆರಗಾದರು. ನಿಜಕ್ಕೆ ಆತನ ಎರಡು ಕಣ್ಣುಗಳೂ ಚೆನ್ನಾಗಿದ್ದವು! ಇದನ್ನು ವಿನೋದವೆಂದು ಬಿಡಬಹುದು. ಇದಕ್ಕಿಂತ ಗಹನವಾದದ್ದು ಆ ಪುಸ್ತಕದಲ್ಲಿ ಅವರೇ ಒಪ್ಪಿಕೊಂಡ ಮಾತು: ತಾವು ಸುಳ್ಳು ಹೇಳುವುದಿಲ್ಲ, ಆದರೆ ಸರಕಿನ ಕುಂದನ್ನು ಮರೆಮಾಡುತ್ತೇವೆ, ಮಾರುವವನಿಂದ ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ಅತಿಯಾದೀತು.

ಸಾಹಿತಿಗೆ ಈ ರಿಯಾಯಿತಿ ಇಲ್ಲ. ತಾನು ಬಹುವಾಗಿ ಪ್ರೀತಿಸುವ ಪಾತ್ರದ ಕುಂದನ್ನೂ ಅವನು ಕಾಣಿಸಲೇಬೇಕು. ವಸ್ತುವನ್ನು ಆಳವಾಗಿ ಅರಿಯುವ ಶ್ರದ್ಧೆಯನ್ನೂ ಓದುವವರ ಮೇಲಣ ಗೌರವವನ್ನೂ ನಾವು ಓಗಿಲ್ವಿಯವರಿಂದ ಪಡೆಯೋಣ. ಅವರ ಆ ಒಂದು ಮೌನವನ್ನು ಮಾತ್ರ ಅವರ ಕಸುಬಿಗೇ ಬಿಟ್ಟುಕೊಡೋಣ.