ನಾಣ್ಯದ ಮೇಲಿನ ಮುಖ

2000ದ ಸೆಪ್ಟೆಂಬರ್ 28ರಂದು ಡೆನ್ಮಾರ್ಕಿನ ಮತದಾರರ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ತಮ್ಮ ಕ್ರೋನೆಯನ್ನು ಕೈಬಿಟ್ಟು ಯೂರೋ ಸೇರಬೇಕೇ, ಬೇಡವೇ? ಸೇರೋಣ ಎಂದರು ಪ್ರಧಾನಿ ಪೌಲ್ ನೈರುಪ್ ರಾಸ್ಮುಸೆನ್. ದೊಡ್ಡ ಪಕ್ಷಗಳು, ಉದ್ಯಮಿಗಳು, ಬಹುಪಾಲು ಪತ್ರಿಕೆಗಳು ಅದನ್ನೇ ಹೇಳಿದವು. ಶೇ. 87ಕ್ಕೂ ಹೆಚ್ಚು ಜನ ಮತಗಟ್ಟೆಗೆ ಬಂದರು, ಅವರಲ್ಲಿ ಶೇ. 53.2 ಮಂದಿ ಬೇಡವೆಂದರು.

ಈ ತೀರ್ಪನ್ನು ಬರಿಯ ಲೆಕ್ಕಾಚಾರದಿಂದ ವಿವರಿಸುವುದು ಕಷ್ಟ. ಕ್ರೋನೆ 1980ರ ದಶಕದಿಂದಲೇ ಜರ್ಮನಿಯ ಮಾರ್ಕಿಗೆ ಕಟ್ಟಿಕೊಂಡಿತ್ತು. 1999ರಲ್ಲಿ ಯೂರೋ ಹುಟ್ಟಿದ ಮೇಲೆ ಆ ಹಗ್ಗವನ್ನು ಯೂರೋಗೆ ಬಿಗಿಯಲಾಯಿತು. ಒಂದು ಯೂರೋಗೆ ಸುಮಾರು 7.46 ಕ್ರೋನೆ, ಅದರಿಂದ ಆಚೀಚೆ ಶೇ. 2.25ಕ್ಕಿಂತ ಹೆಚ್ಚು ಅಲುಗಾಡುವಂತಿಲ್ಲ. ಫ್ರಾಂಕ್‌ಫರ್ಟಿನ ಯುರೋಪಿಯನ್ ಕೇಂದ್ರ ಬ್ಯಾಂಕ್ ಬಡ್ಡಿದರ ಏರಿಸಿದರೆ ಕೋಪನ್‌ಹೇಗನ್ನೂ ಸಾಮಾನ್ಯವಾಗಿ ಏರಿಸುತ್ತದೆ, ಇಳಿಸಿದರೆ ಇಳಿಸುತ್ತದೆ. ಸ್ವಂತ ಹಣ ಇದ್ದವರಿಗೆ ಸಿಗುವ ಸ್ವಾತಂತ್ರ್ಯದ ಬಹುಪಾಲನ್ನು ಡೆನ್ಮಾರ್ಕ್ ಮೊದಲೇ ಬಿಟ್ಟುಕೊಟ್ಟಿತ್ತು. ಯೂರೋ ಸೇರಿದ್ದರೆ ಫ್ರಾಂಕ್‌ಫರ್ಟಿನ ಸಭೆಯಲ್ಲಿ ಒಂದು ಕುರ್ಚಿಯಾದರೂ ದಕ್ಕುತ್ತಿತ್ತು. ಜನ ಆ ಕುರ್ಚಿಯನ್ನು ಬೇಡವೆಂದು ತಳ್ಳಿ, ನಡುವೆ ತೂತಿರುವ ತಮ್ಮ ನಾಣ್ಯಗಳನ್ನು ಉಳಿಸಿಕೊಂಡರು. ಬೇಕೆನಿಸಿದ ದಿನ ಹಗ್ಗ ಬಿಚ್ಚುವ ಹಕ್ಕೂ ಅವರ ಕೈಯಲ್ಲೇ ಉಳಿಯಿತು ಎಂಬುದು ನಿಜ. ಆದರೆ ಆ ದಿನ ಇನ್ನೂ ಬಂದಿಲ್ಲ.

ಹಲವು ದೇಶಗಳು ಒಂದೇ ಹಣ ಬಳಸುವುದರ ಲಾಭ ಯಾರಿಗೂ ತಿಳಿಯುವಂಥದು. ಗಡಿ ದಾಟಿದಾಗಲೆಲ್ಲ ಹಣ ಬದಲಿಸಿ ಕಮಿಷನ್ ತೆರಬೇಕಿಲ್ಲ. ಸರಕು ಮಾರಿದವನಿಗೆ ದುಡ್ಡು ಕೈಸೇರುವ ಹೊತ್ತಿಗೆ ಅದರ ಬೆಲೆ ಕುಸಿದೀತೆಂಬ ಅಂಜಿಕೆಯಿಲ್ಲ. ನಷ್ಟ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದು. ದೇಶಕ್ಕೆ ಕಷ್ಟಕಾಲ ಬಂದಾಗ ಸ್ವಂತ ಹಣವಿದ್ದರೆ ಅದರ ಬೆಲೆ ಇಳಿಯುತ್ತದೆ, ರಫ್ತು ಅಗ್ಗವಾಗುತ್ತದೆ, ಉದ್ಯೋಗ ಅಷ್ಟಿಷ್ಟು ಉಳಿಯುತ್ತದೆ. ಹಂಚಿಕೊಂಡ ಹಣದಲ್ಲಿ ಆ ದಾರಿ ಮುಚ್ಚಿರುತ್ತದೆ; ಕೂಲಿ ಇಳಿಯಬೇಕು, ಇಲ್ಲವೇ ಜನ ಕೆಲಸ ಹುಡುಕಿಕೊಂಡು ಬೇರೆಡೆಗೆ ಹೋಗಬೇಕು. ಎಂಥ ಪ್ರದೇಶಗಳಿಗೆ ಒಂದೇ ಹಣ ಹೊಂದುತ್ತದೆ ಎಂಬುದನ್ನು ಕೆನಡಾದ ಅರ್ಥಶಾಸ್ತ್ರಜ್ಞ ರಾಬರ್ಟ್ ಮಂಡೆಲ್ 1961ರಲ್ಲೇ ಚರ್ಚಿಸಿದ್ದರು. ಆ ಬಗೆಯ ಕೆಲಸಕ್ಕೆ 1999ರಲ್ಲಿ ಅವರಿಗೆ ನೊಬೆಲ್ ಬಂತು. ಪರ ವಿರೋಧದ ಭಾಷಣಗಳಲ್ಲಿ ಈ ವಾದಗಳೇ ಮುಂದೆ ನಿಂತವು. ಮತಗಟ್ಟೆಯೊಳಗೆ ಹೋದವನ ತಲೆಯಲ್ಲಿ ಇದ್ದದ್ದು ಅವಷ್ಟೇ ಅಲ್ಲ.

ಹಣಕ್ಕೂ ದೇಶಾಭಿಮಾನಕ್ಕೂ ನಂಟು ಬೆಳೆದ ಬಗೆಯನ್ನು ಜರ್ಮನಿಯಲ್ಲಿ ಚೆನ್ನಾಗಿ ಕಾಣಬಹುದು. ಡಾಯಿಚ್ ಮಾರ್ಕ್ ಚಲಾವಣೆಗೆ ಬಂದದ್ದು 1948ರ ಜೂನಿನಲ್ಲಿ. ಪಶ್ಚಿಮ ಜರ್ಮನಿ ಎಂಬ ಗಣರಾಜ್ಯ ಹುಟ್ಟಿದ್ದು 1949ರ ಮೇ ತಿಂಗಳಲ್ಲಿ. ದೇಶಕ್ಕಿಂತ ಅದರ ದುಡ್ಡೇ ಸುಮಾರು ಒಂದು ವರ್ಷಕ್ಕೆ ಹಿರಿದು. ಯುದ್ಧದಲ್ಲಿ ಸೋತು, ನಾತ್ಸಿಗಳ ಪಾಪ ಹೊತ್ತು, ಬಾವುಟ ಹಾರಿಸಲೂ ಮುಜುಗರಪಡುತ್ತಿದ್ದ ಪೀಳಿಗೆಗೆ ಸಂಕೋಚವಿಲ್ಲದೆ ಹೆಮ್ಮೆಪಡಲು ಸಿಕ್ಕ ಕೆಲವೇ ವಸ್ತುಗಳಲ್ಲಿ ಗಟ್ಟಿ ಮಾರ್ಕ್ ಒಂದು. 1990ರಲ್ಲಿ ಎರಡು ಜರ್ಮನಿಗಳು ಕೂಡಿದಾಗಲೂ ಮೊದಲು ಒಂದಾದದ್ದು ಹಣ, ಜುಲೈ 1ರಂದು. ರಾಜ್ಯಗಳು ಒಂದಾದದ್ದು ಅಕ್ಟೋಬರ್ 3ರಂದು. ಇಂಥ ಮಾರ್ಕನ್ನು ಬಿಟ್ಟುಕೊಡುವ ಮುನ್ನ ಜರ್ಮನರ ಅಭಿಪ್ರಾಯವನ್ನು ಯಾರೂ ಜನಮತಗಣನೆಯಿಂದ ಕೇಳಲಿಲ್ಲ. ಕೇಳಿದ್ದರೆ ಯೂರೋ ಹುಟ್ಟುತ್ತಿತ್ತೋ ಇಲ್ಲವೋ.

ಯೂರೋ ರೂಪಿಸಿದವರಿಗೆ ಈ ಮೋಹದ ಅರಿವಿತ್ತು. ನಾಣ್ಯಕ್ಕೆ ಅವರು ಎರಡು ಮುಖ ಹಂಚಿದರು: ಒಂದು ಬದಿ ಎಲ್ಲರಿಗೂ ಸಮಾನ, ಇನ್ನೊಂದು ಆಯಾ ದೇಶದ್ದು. ಗ್ರೀಸಿನ ಒಂದು ಯೂರೋ ಮೇಲೆ ಪ್ರಾಚೀನ ಅಥೆನ್ಸಿನ ಗೂಬೆ ಕೂತಿತು, ಆಸ್ಟ್ರಿಯದ್ದರ ಮೇಲೆ ಮೊಜಾರ್ಟ್. ಸ್ಪೇನ್, ಬೆಲ್ಜಿಯಂ, ನೆದರ್ಲೆಂಡ್ಸ್‌ಗಳ ರಾಜ ರಾಣಿಯರು ಇದ್ದ ಜಾಗದಲ್ಲೇ ಉಳಿದರು. ನೋಟಿನಲ್ಲಿ ಈ ಉಪಾಯ ನಡೆಯಲಿಲ್ಲ. ಯಾವ ದೇಶದ ಮಹಾಪುರುಷನನ್ನು ಹಾಕಿದರೂ ಮಿಕ್ಕವರು ಮುನಿಸಿಕೊಳ್ಳುವಂತಿದ್ದುದರಿಂದ ಆಸ್ಟ್ರಿಯದ ವಿನ್ಯಾಸಗಾರ ರಾಬರ್ಟ್ ಕಲಿನಾ ಎಲ್ಲೂ ಇಲ್ಲದ ಸೇತುವೆಗಳನ್ನೂ ಕಿಟಕಿ ಬಾಗಿಲುಗಳನ್ನೂ ಬರೆದರು. ಶೈಲಿ ಮಾತ್ರ ಯುರೋಪಿನದು, ಊರು ಯಾವುದೂ ಅಲ್ಲ. ಆಮೇಲೆ ನೆದರ್ಲೆಂಡ್ಸ್‌ನ ಸ್ಪೈಕೆನಿಸ್ಸೆ ಎಂಬ ಊರು ಆ ಏಳೂ ಸೇತುವೆಗಳನ್ನು ಪುಟ್ಟದಾಗಿ, ಬಣ್ಣದ ಕಾಂಕ್ರೀಟಿನಲ್ಲಿ, ನಿಜವಾಗಿಯೇ ಕಟ್ಟಿಸಿಕೊಂಡಿತು. ಬಹುಭಾಷೆಯ ಭಾರತದಲ್ಲಿ ನೋಟಿನ ಹಿಂಬದಿಯ ಪಟ್ಟಿಯಲ್ಲಿ ಕನ್ನಡವೂ ಸೇರಿ 15 ಭಾಷೆಗಳಲ್ಲಿ ಮೊತ್ತವನ್ನು ಅಚ್ಚು ಹಾಕುತ್ತಾರೆ. ಎಲ್ಲರ ಗುರುತನ್ನೂ ಸೇರಿಸುವುದು ಇಲ್ಲಿನ ದಾರಿ, ಯಾರ ಗುರುತನ್ನೂ ಹಾಕದಿರುವುದು ಅಲ್ಲಿನದು.

ಯೂರೋ ಬೇಕೇ ಬೇಡವೇ ಎಂಬ ಚರ್ಚೆ ಅತಿ ಹೆಚ್ಚು ಕಾವೇರಿದ್ದು ಬ್ರಿಟನ್ನಿನಲ್ಲಿ. ಅಲ್ಲಿ ಕಹಿ ನೆನಪೊಂದು ಮೊದಲೇ ಇತ್ತು. ಯೂರೋಗೆ ಮುನ್ನ ಯುರೋಪಿನ ಹಣಗಳನ್ನು ಒಂದಕ್ಕೊಂದು ಹೊಂದಿಸಿಡುವ ವಿನಿಮಯ ವ್ಯವಸ್ಥೆಗೆ ಬ್ರಿಟನ್ 1990ರ ಅಕ್ಟೋಬರಿನಲ್ಲಿ, ಪೌಂಡಿಗೆ 2.95 ಮಾರ್ಕಿನಂತೆ, ಸೇರಿತು. ಬ್ರಿಟನ್ನಿನ ಆರ್ಥಿಕತೆ ಆ ಬೆಲೆಯನ್ನು ಹೊರುವ ಸ್ಥಿತಿಯಲ್ಲಿರಲಿಲ್ಲ. 1992ರ ಸೆಪ್ಟೆಂಬರ್ 16ರಂದು ಜಾರ್ಜ್ ಸೊರೊಸ್ ಮುಂತಾದ ಸಟ್ಟಾ ವ್ಯಾಪಾರಿಗಳು ಪೌಂಡುಗಳನ್ನು ಒಂದೇ ಸಮನೆ ಮಾರತೊಡಗಿದರು. ಸರ್ಕಾರ ಬಡ್ಡಿದರವನ್ನು ಶೇ. 10ರಿಂದ 12ಕ್ಕೆ ಏರಿಸಿತು, ಅದೇ ದಿನ 15ಕ್ಕೆ ಒಯ್ಯುವುದಾಗಿಯೂ ಸಾರಿತು. ಪೌಂಡು ಕುಸಿಯುವುದು ನಿಲ್ಲಲಿಲ್ಲ. ಸಂಜೆಗೆ ಬ್ರಿಟನ್ ವ್ಯವಸ್ಥೆಯಿಂದ ಹೊರಬಿತ್ತು. ಆ ದಿನಕ್ಕೆ ಕಪ್ಪು ಬುಧವಾರ ಎಂಬ ಹೆಸರು ನಿಂತಿತು. ಹೊರಬಿದ್ದ ಮೇಲೆ ಆರ್ಥಿಕತೆ ಚೇತರಿಸಿಕೊಂಡದ್ದು ಯೂರೋ ವಿರೋಧಿಗಳಿಗೆ ಸಿಕ್ಕ ಒಳ್ಳೆಯ ಅಸ್ತ್ರ.

1997ರಲ್ಲಿ ಅಧಿಕಾರಕ್ಕೆ ಬಂದ ಟೋನಿ ಬ್ಲೇರ್‌ಗೆ ಯೂರೋ ಸೇರುವ ಆಸೆಯಿತ್ತು. ಹಣಕಾಸು ಮಂತ್ರಿ ಗಾರ್ಡನ್ ಬ್ರೌನ್‌ಗೆ ಅಷ್ಟಿರಲಿಲ್ಲ. ಅದೇ ವರ್ಷ ಬ್ರೌನ್ ಐದು ಪರೀಕ್ಷೆಗಳನ್ನು ಮುಂದಿಟ್ಟರು. 2003ರ ಜೂನಿನಲ್ಲಿ, ರಾಶಿ ಅಧ್ಯಯನಗಳ ಜೊತೆಗೆ, ಅವುಗಳಲ್ಲಿ ಒಂದೇ ಒಂದರಲ್ಲಿ ದೇಶ ಪಾಸಾಗಿದೆ ಎಂದರು. ಅದು ಲಂಡನ್ನಿನ ಹಣಕಾಸು ಪೇಟೆಗೆ ಒಳಿತಾಗುವುದೇ ಎಂಬ ಪರೀಕ್ಷೆ. ಐದೂ ಆರ್ಥಿಕ ಪ್ರಶ್ನೆಗಳು; ರಾಣಿಯ ಚಿತ್ರದ ಮಾತು ಒಂದರಲ್ಲೂ ಇಲ್ಲ. ಬೀದಿಯ ಮಾತು ಬೇರೆ. 2001ರ ಚುನಾವಣೆಯಲ್ಲಿ ವಿಲಿಯಂ ಹೇಗ್ ಮುಂದಾಳುತನದ ಕನ್ಸರ್ವೇಟಿವ್ ಪಕ್ಷ ಪೌಂಡ್ ಉಳಿಸುವುದನ್ನೇ ದೊಡ್ಡ ಘೋಷಣೆ ಮಾಡಿಕೊಂಡಿತು, ಹೀನಾಯವಾಗಿ ಸೋತಿತು. ಪೌಂಡ್ ಮಾತ್ರ ಉಳಿಯಿತು. ಜನ ಪೌಂಡಿನ ಪರವಿದ್ದರೂ ಮತ ಹಾಕುವಾಗ ಆಸ್ಪತ್ರೆ ಶಾಲೆಗಳನ್ನು ನೆನೆದಿದ್ದರು.

ಸಾವಿರ ವರ್ಷದ ಪೌಂಡ್ ಎಂಬ ಮಾತು ಆಗ ಬಹಳ ಕೇಳಿಬರುತ್ತಿತ್ತು. ಹೆಸರಿಗೆ ಅಷ್ಟು ವಯಸ್ಸಾಗಿರುವುದು ದಿಟ. ಆದರೆ ಪೌಂಡಿಗೆ 240 ಪೆನ್ನಿ ಎಂಬ ಹಳೆಯ ಲೆಕ್ಕವನ್ನು ಬ್ರಿಟಿಷರೇ 1971ರಲ್ಲಿ ಬಿಸುಟು ನೂರಕ್ಕೆ ಇಳಿಸಿದ್ದರು, ಭಾರತ 1957ರಲ್ಲಿ ಆಣೆಯನ್ನು ಬಿಟ್ಟಂತೆ. (ಆಣೆ ಹೋಗಿ ಇಷ್ಟು ಕಾಲವಾದರೂ ಕನ್ನಡದಲ್ಲಿ ಸತ್ಯ ಈಗಲೂ ಹದಿನಾರಾಣೆಯೇ.) ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟಿನ ಮೇಲೆ ದೊರೆಯ ಚಿತ್ರ ಮೊದಲು ಬಂದದ್ದೂ 1960ರಲ್ಲಿ. ಸ್ಕಾಟ್ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ಪೌಂಡ್ ನೋಟು ಅಚ್ಚು ಹಾಕುತ್ತವೆ. ಬ್ಯಾಂಕ್ ಆಫ್ ಸ್ಕಾಟ್ಲೆಂಡಿನ ನೋಟುಗಳ ಮೇಲೆ ಇರುವುದು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಅನಾದಿ ಕಾಲದ್ದೆಂದು ತೋರುವ ಗುರುತುಗಳಲ್ಲಿ ಎಷ್ಟೋ ಈಚಿನವು.

2014ರಲ್ಲಿ ಕತೆ ತಲೆಕೆಳಗಾಯಿತು. ಸ್ಕಾಟ್ಲೆಂಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಅಲೆಕ್ಸ್ ಸಾಲ್ಮಂಡ್, ಬೇರೆ ದೇಶವಾದ ಮೇಲೂ ಪೌಂಡನ್ನು ಲಂಡನ್ನಿನೊಂದಿಗೆ ಹಂಚಿಕೊಳ್ಳುತ್ತೇವೆ ಎಂದರು. ಫೆಬ್ರವರಿಯಲ್ಲಿ ಎಡಿನ್‌ಬರೋಗೇ ಬಂದು ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಅದಾಗದು ಎಂದು ಸಾರಿದರು. ಯೂರೋ ಚರ್ಚೆಯಲ್ಲಿ ಸ್ವಂತ ಹಣವಿಲ್ಲದ ದೇಶ ದೇಶವೇ ಅಲ್ಲ ಎಂದು ಇಂಗ್ಲೆಂಡಿನ ರಾಷ್ಟ್ರವಾದಿಗಳು ಹೇಳಿದ್ದರೆ, ಸ್ಕಾಟ್ಲೆಂಡಿನ ರಾಷ್ಟ್ರವಾದಿಗಳಿಗೆ ಹಾಗೆ ಅನ್ನಿಸಲೇ ಇಲ್ಲ. ಸೆಪ್ಟೆಂಬರ್ 18ರ ಮತದಾನದಲ್ಲಿ ಶೇ. 55.3 ಜನ ಪ್ರತ್ಯೇಕತೆ ಬೇಡವೆಂದರು. ಹಣದ ಬಗೆಗಿನ ಗೊಂದಲ ಅದಕ್ಕೆ ಒಂದು ಕಾರಣ ಎನ್ನುವವರು ಎರಡೂ ಕಡೆ ಇದ್ದಾರೆ.

ಪಕ್ಕದ ಐರ್ಲೆಂಡಿಗೆ ಯೂರೋ ಕಂಡದ್ದೇ ಬೇರೆ ಬಗೆಯಲ್ಲಿ. 1922ರಲ್ಲಿ ಸ್ವತಂತ್ರ ಸರ್ಕಾರ ಪಡೆದ ಐರಿಷರು 1928ರಲ್ಲಿ ತಮ್ಮದೇ ನಾಣ್ಯ ತಂದರು. ವಿನ್ಯಾಸ ಆರಿಸಿದ ಸಮಿತಿಗೆ ಕವಿ ಯೇಟ್ಸ್ ಅಧ್ಯಕ್ಷ. ಒಂದು ಬದಿಗೆ ಹಾರ್ಪ್ ವಾದ್ಯ, ಇನ್ನೊಂದು ಬದಿಗೆ ಕುದುರೆ, ಸಾಲ್ಮನ್ ಮೀನು, ಗೂಳಿ, ಹಂದಿ, ಕೋಳಿ. ದೊರೆಯ ತಲೆ ಹೋಯಿತು, ಬೆಲೆ ಮಾತ್ರ ಬ್ರಿಟಿಷ್ ಪೌಂಡಿಗೆ ಸರಿಸಮನಾಗಿ 1979ರವರೆಗೂ ಕಟ್ಟಿಬಿದ್ದಿತ್ತು. ಬಡ್ಡಿದರ ಲಂಡನ್ ಹೇಳಿದಂತೆ. ಹಲವರೊಂದಿಗೆ ಹಂಚಿಕೊಂಡ ಹಣ ಐರಿಷರಿಗೆ ಗುಲಾಮಗಿರಿಯೆನಿಸದೆ ಹಳೆಯ ಒಡೆಯನ ನೆರಳಿನಿಂದ ಹೊರಬರುವ ಬಾಗಿಲಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಹಾರ್ಪ್ ಈಗ ಅವರ ಯೂರೋ ನಾಣ್ಯದ ಮೇಲಿದೆ.

ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ ಬಾಲ್ಟಿಕ್ ದೇಶಗಳ ಕತೆಯೂ ಇದಕ್ಕೆ ಹತ್ತಿರದ್ದು. ರೂಬಲ್ ಬಿಟ್ಟು ಸ್ವಂತ ಹಣ ತಂದದ್ದು ಅವರಿಗೆ ದೊಡ್ಡ ಸಂಭ್ರಮ. ಎರಡು ದಶಕ ಕಳೆಯುವ ಹೊತ್ತಿಗೆ ಆ ಹಣವನ್ನೂ ಬಿಟ್ಟರು: ಎಸ್ಟೋನಿಯ 2011ರಲ್ಲಿ, ಲಾಟ್ವಿಯ 2014ರಲ್ಲಿ, ಲಿಥುವೇನಿಯ 2015ರಲ್ಲಿ. ರಷ್ಯದ ಗಡಿಯಲ್ಲಿರುವ ಪುಟ್ಟ ದೇಶಕ್ಕೆ ಜೇಬಿನಲ್ಲಿ ಯೂರೋ ಇರುವುದೆಂದರೆ ತಾನು ಯಾವ ಪಾಳೆಯದ್ದೆಂದು ತೋರಿಸಿಕೊಂಡಂತೆ. ಲಾಟ್ವಿಯದ ಮಂದಿಗೆ ಹಳೆಯದನ್ನು ಬಿಡುವುದು ಸುಲಭವಾಗಿರಲಿಲ್ಲ. 1929ರ ಬೆಳ್ಳಿಯ ಐದು ಲಾಟ್ ನಾಣ್ಯದ ಮೇಲಿದ್ದ ಜಾನಪದ ಕನ್ಯೆಯನ್ನು ಅವರು ಒಂದು ಮತ್ತು ಎರಡು ಯೂರೋ ನಾಣ್ಯಗಳ ಮೇಲೆ ಮತ್ತೆ ಕರೆತಂದರು.

ಸ್ವೀಡನ್ನಿನಲ್ಲಿ 2003ರ ಸೆಪ್ಟೆಂಬರ್ 14ರಂದು ಮತದಾನ ನಡೆಯಿತು. ಯೂರೋ ಪರ ಪ್ರಚಾರದ ಪ್ರಮುಖ ಮುಖವಾಗಿದ್ದ ವಿದೇಶಾಂಗ ಮಂತ್ರಿ ಆನಾ ಲಿಂಡ್ ಅದಕ್ಕೆ ನಾಲ್ಕು ದಿನ ಮೊದಲು ಸ್ಟಾಕ್‌ಹೋಮಿನ ಅಂಗಡಿ ಮಳಿಗೆಯೊಂದರಲ್ಲಿ ಇರಿತಕ್ಕೊಳಗಾಗಿ ಮರುದಿನ ತೀರಿಕೊಂಡರು. ಪ್ರಚಾರ ನಿಂತಿತು, ಮತದಾನ ನಿಲ್ಲಲಿಲ್ಲ. ಅನುಕಂಪದ ಅಲೆಯಿಂದ ಫಲಿತಾಂಶ ತಿರುಗೀತೆಂದು ಕೆಲವರು ಎಣಿಸಿದ್ದರು. ಶೇ. 55.9 ಜನ ಬೇಡವೆಂದರು, ಬೇಕೆಂದವರು ಶೇ. 42. ಬ್ರಿಟನ್, ಡೆನ್ಮಾರ್ಕ್‌ಗಳಿಗೆ ಒಪ್ಪಂದದಲ್ಲಿ ಸಿಕ್ಕಿದ್ದ ವಿನಾಯಿತಿ ಸ್ವೀಡನ್ನಿಗಿಲ್ಲ. ಕಾನೂನಿನ ಪ್ರಕಾರ ಒಂದು ದಿನ ಸೇರಲೇಬೇಕು. ಸೇರುವ ಮುನ್ನ ವಿನಿಮಯ ವ್ಯವಸ್ಥೆಯಲ್ಲಿ ಎರಡು ವರ್ಷ ಇರಬೇಕೆಂಬ ಷರತ್ತಿದೆ. ಸ್ವೀಡನ್ ಆ ವ್ಯವಸ್ಥೆಯ ಹೊಸಿಲನ್ನೇ ತುಳಿಯದೆ ಕಾಲ ಕಳೆಯುತ್ತಿದೆ.

ಒಳಗೆ ಹೋದವರು ಹೊರಬರಲು ಎಷ್ಟು ಹಿಂಜರಿಯುತ್ತಾರೆ ಎಂಬುದನ್ನು ಗ್ರೀಸ್ ತೋರಿಸಿತು. ಸಾಲದ ಸುಳಿಗೆ ಸಿಕ್ಕ ಆ ದೇಶದಲ್ಲಿ 2015ರ ಜುಲೈ 5ರಂದು ಶೇ. 61ರಷ್ಟು ಮತದಾರರು ಸಾಲ ಕೊಟ್ಟವರ ಷರತ್ತುಗಳನ್ನು ತಿರಸ್ಕರಿಸಿದರು. ಯೂರೋಗೆ ಮುನ್ನ ಅಲ್ಲಿದ್ದ ಹಣ ದ್ರಾಕ್ಮಾ, ಪ್ರಾಚೀನ ಕಾಲದಿಂದ ಬಂದ ಹೆಸರು; ಅದಕ್ಕೆ ಮರಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಆದರೂ ಗ್ರೀಕರು ಬೈಯುತ್ತಲೇ ಯೂರೋದಲ್ಲಿ ಉಳಿದರು.

ಇತ್ತೀಚೆಗೆ ಯೂರೋ ಬಳಗಕ್ಕೆ ಸೇರಿದ್ದು ಬಲ್ಗೇರಿಯ, 2026ರ ಜನವರಿ 1ರಂದು. ಅದಕ್ಕೂ ಮುನ್ನ ರಾಜಧಾನಿ ಸೋಫಿಯದ ಬೀದಿಗಳಲ್ಲಿ ನಮ್ಮ ಹಣ ಲೆವ್ ಉಳಿಸಿ ಎಂದು ಮೆರವಣಿಗೆಗಳು ನಡೆದವು. ಹೆಸರಿನ ವಿಷಯದಲ್ಲಿ ಮಾತ್ರ ಬಲ್ಗೇರಿಯ ಬಹಳ ಹಿಂದೆಯೇ ಗೆದ್ದಿತ್ತು. ತಮ್ಮ ಸಿರಿಲಿಕ್ ಲಿಪಿಯಲ್ಲಿ, ತಮ್ಮ ಉಚ್ಚಾರಣೆಯಂತೆ, ಯೂರೋವನ್ನು 'ಎವ್ರೊ' ಎಂದೇ ಬರೆಯಬೇಕೆಂದು 2007ರಲ್ಲಿ ಪಟ್ಟು ಹಿಡಿದು ಒಪ್ಪಿಸಿದ ದೇಶ ಅದು. 2013ರಿಂದ ಬಂದ ಹೊಸ ಸರಣಿಯ ನೋಟುಗಳ ಮೇಲೆ ಆ ಅಕ್ಷರಗಳೂ ಇವೆ. ಒಂದು ಯೂರೋಗೆ 1.95583 ಲೆವ್ ಎಂದು ವಿನಿಮಯ ದರ ನಿಗದಿಯಾಯಿತು. ಜರ್ಮನಿಯ ಮಾರ್ಕ್ ಯೂರೋ ಆಗಿ ಬದಲಾದ ದರವೂ ದಶಮಾಂಶದ ಕೊನೆಯ ಅಂಕಿಯವರೆಗೆ ಅದೇ. 1997ರಲ್ಲಿ ಹಣದುಬ್ಬರದಿಂದ ನೆಲಕಚ್ಚಿದ ಬಲ್ಗೇರಿಯ ತನ್ನ ಲೆವ್ ಅನ್ನು ಮಾರ್ಕಿಗೆ ಬಿಗಿದಿತ್ತು. ಮಾರ್ಕ್ ಮರೆಯಾದ ಮೇಲೂ ಆ ಗಂಟನ್ನು ಬಿಚ್ಚಿರಲಿಲ್ಲ.